ಗದ್ದೆಗೆ ಇಳಿಸಿದ ಕೂಡ್ಲೇ ಪವರ್ ವೀಡರ್ ನಿಲ್ತದಾ? ಕಾರ್ಬೊರೇಟರ್ ಬಿಚ್ಚೋ ಮೊದಲು ಇಷ್ಟು ನೋಡಿ

ಮಳೆಗಾಲ ಮುಗ್ದು ಗದ್ದೆ ನೆಲ ಸ್ವಲ್ಪ ಆರಿ, ಶೇಂಗಾ, ಈರುಳ್ಳಿ, ಕಲ್ಲಂಗಡಿ ಹಾಕೋ ಟೈಮು ಬಂತು ಅಂದ್ರೆ ಅಂಕೋಲಾ ಕುಮಟಾದಿಂದ ಹಿಡ್ದು ಘಟ್ಟ ಹತ್ತಿ ಶಿರಸಿ ತನಕ ಪವರ್ ವೀಡರ್, ಅಂದ್ರೆ ಬ್ಲೇಡ್ ತಿರುಗಿ ಮಣ್ಣು ಅಗಿಯೋ ಸಣ್ಣ ಮಷೀನ್, ಇಟ್ಕೊಂಡವ್ರದ್ದೆಲ್ಲ ಒಂದೇ ದೂರು. ಮಷೀನ್ ಸ್ಟಾರ್ಟ್ ಆಗ್ತದೆ, ಅಂಗಳದಲ್ಲಿ ಚೆಂದ ಓಡ್ತದೆ, ಬ್ಲೇಡ್ ಮಣ್ಣಿಗೆ ತಾಗಿದ ಕೂಡ್ಲೇ ನಿಂತೋಗ್ತದೆ. ಅದಕ್ಕೆ ಎಲ್ಲಾ ಕಡೆ ಸಿಗೋ ಉತ್ತರ ಕೂಡ ಒಂದೇ, ಕಾರ್ಬೊರೇಟರ್ (ಪೆಟ್ರೋಲನ್ನ ಗಾಳಿ ಜೊತೆ ಬೆರೆಸಿ ಎಂಜಿನ್ನಿಗೆ ಕೊಡೋ ಭಾಗ) ಕ್ಲೀನ್ ಮಾಡ್ಸಿ ಅಂತ. ಗ್ಯಾರೇಜಿಗೆ ಹೊತ್ಕೊಂಡು ಹೋಗೋದು, ಅವ್ರು ಬಿಚ್ಚಿ ಊದಿ ಕೊಡೋದು, ಮನೆಗೆ ತಂದು ಗದ್ದೆಗೆ ಇಳಿಸಿದ್ರೆ ಮತ್ತೆ ಅದೇ ಕತೆ. ಅಷ್ಟೊತ್ತಿಗೆ ಮಣ್ಣಿನ ಹದ ಹೋಗಿರ್ತದೆ, ಬಿತ್ತನೆ ತಡ ಆಗಿರ್ತದೆ, ಈ ನಷ್ಟಕ್ಕೆ ಯಾರೂ ಬಿಲ್ ಕೊಡೋದಿಲ್ಲ.

ವಿಷಯ ಎಂತ ಅಂದ್ರೆ "ನಿಲ್ತದೆ" ಅನ್ನೋ ಒಂದು ಮಾತಿನ ಅಡಿಗೆ ಎರಡು ಬೇರೆ ಬೇರೆ ರೋಗ ಇರ್ತದೆ. ಒಂದರಲ್ಲಿ ಎಂಜಿನ್ನೇ ದಮ್ಮು ಕಟ್ಟಿ ಆಫ್ ಆಗ್ತದೆ. ಇನ್ನೊಂದರಲ್ಲಿ ಎಂಜಿನ್ ಹಂಗೇ ಓಡ್ತಾ ಇರ್ತದೆ, ಬ್ಲೇಡ್ ಮಾತ್ರ ತಿರುಗೋದಿಲ್ಲ. ಮೊದಲನೇದಕ್ಕೂ ಎರಡನೇದಕ್ಕೂ ಸಂಬಂಧವೇ ಇಲ್ಲ, ಒಂದು ಎಂಜಿನ್ನಿನದ್ದು ಇಲ್ಲಾ ಅದರ ಮೇಲೆ ಬೀಳೋ ಭಾರದ್ದು, ಇನ್ನೊಂದು ಎಂಜಿನ್ ಶಕ್ತಿಯನ್ನ ಬ್ಲೇಡಿಗೆ ಮುಟ್ಟಿಸೋ ಬೆಲ್ಟು ಮತ್ತೆ ಅದರ ಕೆಳಗಿನ ಕಡೆದು. ಯಾವ ಕಡೆ ಅಂತ ಗೊತ್ತಿಲ್ದೇ ಪಾನಾ ಕೈಗೆ ತಗೊಳ್ಳೋದೇ ಬೇಡ.

ನಾನು ಹೇಳ್ತಾ ಇರೋದು ನಮ್ಮ ಕಡೆ ಹೆಚ್ಚಾಗಿ ಇರೋ, ಹಿಂದೆ ನಡ್ಕೊಂಡು ಹಿಡ್ಕೊಳ್ಳೋ, 7 ಎಚ್‌ಪಿ ಆಸುಪಾಸಿನ ಫೋರ್ ಸ್ಟ್ರೋಕ್ ಪೆಟ್ರೋಲ್ ಮಷೀನ್ ಬಗ್ಗೆ. 200 ಸಿಸಿ ಅಕ್ಕಪಕ್ಕದ ಎಂಜಿನ್, ಹಗ್ಗ ಎಳೆದು ಸ್ಟಾರ್ಟು, ಬೆಲ್ಟಿಂದ ಗೇರ್ ಬಾಕ್ಸಿಗೆ, ಅಲ್ಲಿಂದ ಬ್ಲೇಡ್ ಶಾಫ್ಟಿಗೆ. ಬೆಲ್ಟ್ ಇಲ್ದೇ ನೇರ ಗೇರ್ ಇರೋ ಮಷೀನೂ ಇದೆ, ಅದರ ಬಗ್ಗೆ ಮಧ್ಯ ಮಧ್ಯ ಹೇಳ್ತೇನೆ.

ಮೊದಲ ಪರೀಕ್ಷೆ: ಕಿವಿ ಕೊಟ್ಟು ಕೇಳೋದು

ಮಷೀನನ್ನ ಸಪಾಟ ಜಾಗದಲ್ಲಿ ಸ್ಟಾರ್ಟ್ ಮಾಡಿ, ಚೋಕ್ ಪೂರ್ತಿ ತೆಗ್ದು ಮೂರ್ನಾಲ್ಕು ನಿಮಿಷ ಬಿಸಿ ಆಗೋಕೆ ಬಿಡಿ. ಕಡೀಗೆ ಎಕ್ಸಲೇಟರ್ ಪೂರ್ತಿ ಕೊಟ್ಟು, ಕಲ್ಲು ಬೇರು ಇಲ್ಲದ ಮೆದು ಜಾಗದಲ್ಲಿ ಕ್ಲಚ್ ಲಿವರ್ ಹಿಡ್ದು ಸಾವಕಾಶ ಇಳಿಸಿ. ಬ್ಲೇಡ್ ನಿಲ್ಲೋ ಹೊತ್ತಿಗೆ ಎಂಜಿನ್ ಸದ್ದು ಎಂತ ಆಯ್ತು, ಅಷ್ಟೇ ಕೇಳ್ಬೇಕಾದ್ದು.

ಸದ್ದು ಭಾರ ಆಗಿ ತಗ್ತಾ ತಗ್ತಾ ಹೋಗಿ ಆಫ್ ಆಯ್ತು ಅಂದ್ರೆ ಎಂಜಿನ್‌ಗೆ ಶಕ್ತಿ ಸಾಲೋದಿಲ್ಲ, ಇಲ್ಲಾ ಅದರ ಮೇಲೆ ಹಾಕಿದ ಭಾರ ಜಾಸ್ತಿ. ಸದ್ದು ಹಂಗೇ ಇದ್ದು, ಇಲ್ಲಾ ಭಾರ ಬಿಟ್ಟೋದ ಹಂಗೆ ಒಂದು ಸುತ್ತು ಏರಿ, ಬ್ಲೇಡ್ ಮಾತ್ರ ನಿಂತ್ರೆ ಶಕ್ತಿ ಕೆಳಗೆ ಇಳೀತಾ ಇಲ್ಲ ಅಂತ ಅರ್ಥ, ಬೆಲ್ಟ್ ಜಾರ್ತಾ ಇದೆ, ಕ್ಲಚ್ ಕೇಬಲ್ ಎಳ್ದಿದೆ, ಇಲ್ಲಾ ಎಲ್ಲೋ ಒಂದು ಪಿನ್ನೋ ಕೀನೋ ಮುರ್ದಿದೆ. ಇದಕ್ಕೆ ಕಾರ್ಬೊರೇಟರ್ ನೂರು ಸಲ ತೊಳೆದ್ರೂ ಉಪಯೋಗ ಇಲ್ಲ.

ಗೋಕರ್ಣದ ಹತ್ರ ತರಕಾರಿ ಬೆಳೆಯೋ ಗೌಡ್ರೊಬ್ಬರ ಮಷೀನು ಇದಕ್ಕೆ ಸರೀ ಉದಾಹರಣೆ. ಕಾರ್ಬೊರೇಟರ್ ಕ್ಲೀನ್ ಆಗಿತ್ತು, ಪ್ಲಗ್ ಹೊಸದು ಬಿದ್ದಿತ್ತು, ಮಷೀನ್ ನಿಲ್ಲೋದು ಮಾತ್ರ ನಿಂತಿರ್ಲಿಲ್ಲ. "ಗೌಡ್ರೇ, ಬ್ಲೇಡ್ ನಿಂತಾಗ ಸದ್ದು ಎಂತ ಆಗ್ತದೆ?" ಅಂತ ಕೇಳ್ದೆ. "ಸದ್ದಿಗೆ ಎಂತ ಆಗೂದಿಲ್ಲ ತಮಾ, ಅದು ಹಂಗೇ ಕೂಗ್ತದೆ, ನಾನೇ ಆಫ್ ಮಾಡೂದು" ಅಂದ್ರು. ಬೆಲ್ಟ್ ಕವರ್ ತೆಗೆದಾಗ ಒಳಗೆ ಕಪ್ಪು ರಬ್ಬರ್ ಪುಡಿ ಅಂಗೈ ತುಂಬ ಸಿಕ್ತು. ಬೆಲ್ಟಿನ ಎರಡೂ ಬದಿ ಗಾಜಿನ ಹಂಗೆ ಮಿಂಚ್ತಾ ಇತ್ತು, ಬೆರಳಾಡಿಸಿದ್ರೆ ಹಿಡಿತವೇ ಇಲ್ಲ. ಬೆಲ್ಟ್ ಜೋಡಿ ಹೊಸದು ಬಿದ್ದ ಮೇಲೆ ಅದೇ ಎಂಜಿನ್, ಅದೇ ಗದ್ದೆ, ಸಲೀಸಾಗಿ ಓಡ್ತು.

ಸದ್ದು ಹಂಗೇ ಇದ್ದು ಬ್ಲೇಡ್ ನಿಂತ್ರೆ

ಎಂಜಿನ್ ಆಫ್ ಮಾಡಿ, ತಣ್ಣಗಾಗೋಕೆ ಬಿಟ್ಟು, ಪ್ಲಗ್ ಕ್ಯಾಪ್ ಕಿತ್ತು ಬದಿಗೆ ಇಡಿ. ಇದು ದಯವಿಟ್ಟು ಬಿಡ್ಬೇಡಿ. ಬ್ಲೇಡಿಗೆ ಸಿಕ್ಕಿದ ಬಳ್ಳಿ ತೆಗೆಯೋಕೆ ಹೋದಾಗ ಬ್ಲೇಡ್ ತಿರುಗಿದ್ರೆ ಎಂಜಿನ್ನೂ ಒಂದು ಸುತ್ತು ತಿರುಗಬಹುದು, ಪ್ಲಗ್‌ಗೆ ಕರೆಂಟ್ ಇದ್ರೆ ಅಷ್ಟು ಸಾಕು ಅದಕ್ಕೆ. ಸ್ವಿಚ್ ಆಫ್ ಇದೆ ಅಂತ ನಂಬ್ಕೊಂಡು ಕೈ ಹಾಕೋದು ಬೇಡ, ನಮ್ಮ ಹವೆಗೆ ಸ್ವಿಚ್ಚಿನ ವಾಯರ್ ತುಕ್ಕು ಹಿಡಿದು ಕೆಲ್ಸ ಮಾಡ್ದೇ ಇರೋದೂ ಇದೆ.

ಮೊದಲು ಕ್ಲಚ್ ಕೇಬಲ್. ಬೆಲ್ಟ್ ಮಷೀನಲ್ಲಿ ಲಿವರ್ ಹಿಡಿದ್ರೆ ಒಂದು ಸಣ್ಣ ಪುಲ್ಲಿ ಬಂದು ಬೆಲ್ಟನ್ನ ಒತ್ತಿ ಬಿಗಿ ಮಾಡ್ತದೆ, ಬಿಟ್ರೆ ಸಡಿಲ ಆಗ್ತದೆ, ಅದೇ ಅದರ ಕ್ಲಚ್ಚು, ಬೇರೆ ಎಂತದೂ ಇಲ್ಲ. ಕೇಬಲ್ ಹೊಸದಾಗಿ ಹಾಕಿದ ಮೇಲೆ ಸ್ವಲ್ಪ ದಿನದಲ್ಲಿ ಎಳ್ದೇ ಎಳೀತದೆ, ಬೆಲ್ಟೂ ಹಂಗೇ. ಲಿವರ್ ಹಿಡಿಯೋವಾಗ ಶುರುವಿಗೆ ಸ್ವಲ್ಪ ಸಡಿಲ ಇರೋದು ಸರಿ, ಆದ್ರೆ ಅರ್ಧ ದಾರಿ ತನಕ ಖಾಲಿ ಹೋಗ್ತಾ ಇದ್ರೆ ಕೇಬಲ್ ಎಳ್ದಿದೆ. ಕೇಬಲ್ ತುದಿಯಲ್ಲಿ ಎರಡು ನಟ್ಟು ಇರ್ತದೆ, ಲಾಕ್ ನಟ್ ಸಡಿಲ ಮಾಡಿ ಅಡ್ಜಸ್ಟರನ್ನ ಒಂದೆರಡು ಸುತ್ತು ಹೊರಗೆ ತನ್ನಿ, ಲಾಕ್ ಮಾಡಿ, ನೋಡಿ, ಬೇಕಾದ್ರೆ ಮತ್ತೆ ಸ್ವಲ್ಪ. ಒಂದೇ ಸಲಕ್ಕೆ ಪೂರ್ತಿ ಬಿಗಿ ಮಾಡೋದು ಸುಲಭ, ಆದ್ರೆ ಆಗ ಲಿವರ್ ಬಿಟ್ರೂ ಬೆಲ್ಟ್ ಹಿಡ್ಕೊಂಡೇ ಇರ್ತದೆ, ಬ್ಲೇಡ್ ತಿರುಗ್ತಾನೇ ಇರ್ತದೆ. ಅದಕ್ಕೇ ಅಡ್ಜಸ್ಟ್ ಮಾಡಿದ ಪ್ರತೀ ಸಲ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ, ಲಿವರ್ ಮುಟ್ಟದೇ ಬ್ಲೇಡ್ ನೋಡಿ. ಲಿವರ್ ಬಿಟ್ಟಾಗ ಬ್ಲೇಡ್ ಸ್ವಲ್ಪ ತಿರುಗಿದ್ರೂ ಆ ಅಡ್ಜಸ್ಟ್‌ಮೆಂಟ್ ತಪ್ಪು, ವಾಪಸ್ ಸಡಿಲ ಮಾಡಿ. ಕಾಲು ಹೋಗೋದು ಇಂತಾ ಮಷೀನಲ್ಲೇ.

ಕರಾವಳಿ ಮಷೀನಲ್ಲಿ ಕೇಬಲ್ ಎಳೆಯೋಕಿಂತ ತುಕ್ಕು ಹಿಡಿಯೋದೇ ಜಾಸ್ತಿ. ಲಿವರ್ ಬಿಟ್ರೆ ಚಟ್ ಅಂತ ವಾಪಸ್ ಬರ್ಬೇಕು, ಅರ್ಧದಲ್ಲಿ ನಿಂತ್ರೆ ಒಳಗಿನ ತಂತಿ ತುಕ್ಕು. ಮೇಲಿನ ತುದಿ ಬಿಚ್ಚಿ, ಕೇಬಲ್ ನೆಟ್ಟಗೆ ನಿಲ್ಸಿ, ತೆಳು ಎಣ್ಣೆ ಹನಿ ಹನಿ ಬಿಟ್ಟು ಕೆಳಗಿನ ತುದಿಯಲ್ಲಿ ಬರೋ ತನಕ ಆಡಿಸಿದ್ರೆ ಒಂದು ವರ್ಷ ದೂಡಬಹುದು. ಲಿವರ್ ಹತ್ರ ತಂತಿಯ ಎಳೆ ಒಂದೊಂದೇ ಕಡಿದು ಹೊರಗೆ ಬಂದಿದ್ರೆ ಎಣ್ಣೆ ಹಾಕಿ ಪ್ರಯೋಜನ ಇಲ್ಲ, ಹೊಸದೇ ಹಾಕಿ.

ಕೇಬಲ್ ಸರಿ ಇದ್ರೆ ಬೆಲ್ಟ್. ವಿ ಬೆಲ್ಟ್ ಪುಲ್ಲಿಯನ್ನ ಹಿಡಿಯೋದು ಅದರ ಎರಡು ಬದಿಯಿಂದ, ಅಡಿಯಿಂದ ಅಲ್ಲ. ಹಂಗಾಗಿ ಬೆಲ್ಟಿನ ಮೇಲ್ಭಾಗ ಪುಲ್ಲಿಯ ಅಂಚಿಗೆ ಹೆಚ್ಚು ಕಡಿಮೆ ಸಮ ಇರ್ಬೇಕು. ಒಳಗೆ ಕುಸಿದು ಪುಲ್ಲಿಯ ತೋಡಿನ ತಳಕ್ಕೆ ತಾಗಿದ್ರೆ ಬದಿ ಸವೆದಿದೆ ಅಂತ, ಆಗ ಕೇಬಲ್ ಎಷ್ಟು ಬಿಗಿ ಮಾಡಿದ್ರೂ ಜಾರ್ತದೆ. ಪುಲ್ಲಿಯ ತಳ ಫಳಫಳ ಮಿಂಚ್ತಾ ಇದ್ರೆ ಅದೂ ಇದೇ ಲಕ್ಷಣ, ಯಾಕಂದ್ರೆ ಬೆಲ್ಟ್ ತಾಗದ ಜಾಗ ಮಂಕಾಗಿ ಇರ್ಬೇಕು. ಬೆಲ್ಟಿನ ಒಳಬದಿಯನ್ನ ಹಿಂದೆ ಬಗ್ಗಿಸಿ ನೋಡಿ, ಬಿರುಕು ಬಿಟ್ಟಿದ್ರೆ ಬದಲು ಮಾಡೋದು. ಎರಡು ಬೆಲ್ಟ್ ಇರೋ ಮಷೀನಲ್ಲಿ ಒಂದು ಹೋಗಿದ್ರೂ ಎರಡನ್ನೂ ಒಟ್ಟಿಗೇ ಹಾಕಿ, ಇಲ್ಲಾಂದ್ರೆ ಹೊಸದು ಒಂದೇ ಪೂರ್ತಿ ಭಾರ ಎಳ್ದು ಬೇಗ ಹೋಗ್ತದೆ.

ಅಂಗಡಿಗೆ ಹೋಗೋವಾಗ ಹಳೇ ಬೆಲ್ಟ್ ಜೊತೆಗಿರ್ಲಿ, ಅದರ ಬೆನ್ನ ಮೇಲೆ ನಂಬರ್ ಇರ್ತದೆ. ಎ ಅಂದ್ರೆ ಮೇಲ್ಭಾಗ 13 ಮಿ.ಮೀ. ಅಗಲ, ಬಿ ಅಂದ್ರೆ 17 ಮಿ.ಮೀ., ಮುಂದಿನ ಅಂಕಿ ಬೆಲ್ಟಿನ ಒಳಸುತ್ತು ಎಷ್ಟು ಇಂಚು ಅಂತ. ಬಿ ಬೆಲ್ಟಿನ ಜಾಗಕ್ಕೆ ಎ ಬೆಲ್ಟ್ ಕೂತ ಹಂಗೆ ಕಾಣ್ತದೆ, ಆದ್ರೆ ತಳಕ್ಕೆ ಇಳ್ದು ಜಾರ್ತದೆ. "ಇದೇ ಆಗ್ತದೆ ತಗೊಳ್ಳಿ" ಅಂತ ಅಂದಾಜಿನ ಮೇಲೆ ಕೊಟ್ಟದ್ದನ್ನ ತರ್ಬೇಡಿ. ಬೆಲ್ಟ್ ಸದ್ದು ಮಾಡ್ತದೆ ಅಂತ ಗ್ರೀಸೋ ತೆಂಗಿನೆಣ್ಣೆಯೋ ಹಚ್ಚೋದಂತೂ ಬೇಡವೇ ಬೇಡ. ಯಾರೂ ಹಚ್ದೇ ಬೆಲ್ಟ್ ಎಣ್ಣೆ ಎಣ್ಣೆ ಇದ್ರೆ ಎಂಜಿನ್ ಶಾಫ್ಟಿನ ಆಯಿಲ್ ಸೀಲ್ ಸೋರ್ತಾ ಇದೆ, ಸೀಲ್ ಹಾಕಿಸ್ದೇ ಬೆಲ್ಟ್ ಹಾಕಿದ್ರೆ ಆ ಬೆಲ್ಟೂ ಹೋಯ್ತು.

ಬೆಲ್ಟ್ ಒತ್ತೋ ಸಣ್ಣ ಪುಲ್ಲಿಯ ಬೇರಿಂಗನ್ನ ಕೈಯಲ್ಲಿ ತಿರುಗಿಸಿ ನೋಡಿ, ಗರಗರ ಅಂದ್ರೆ ಅಥವಾ ಬಿಗಿ ಹಿಡಿದಿದ್ರೆ ಬದಲು. ಆಮೇಲೆ ಎಂಜಿನ್ ಶಾಫ್ಟಿನ ಪುಲ್ಲಿ. ಪುಲ್ಲಿ ಮತ್ತೆ ಶಾಫ್ಟ್ ಮಧ್ಯ ಚಪ್ಪಟೆ ಕೀ ಒಂದು ಇರ್ತದೆ, ಸ್ಕ್ರೂ ಸಡಿಲ ಆಗಿ ಕೀ ಕತ್ತರಿಸಿ ಹೋದ್ರೆ ಶಾಫ್ಟ್ ತಿರುಗ್ತದೆ, ಪುಲ್ಲಿ ಅಲ್ಲೇ ನಿಲ್ತದೆ. ಒಂದು ಕಡೆ ಶಾಫ್ಟಿಗೂ ಪುಲ್ಲಿಗೂ ಸೇರಿಸಿ ಚಾಕಿನ ಗೆರೆ ಹಾಕಿ, ಗದ್ದೆಗೆ ಒಂದ್ಸಲ ಇಳ್ಸಿ ವಾಪಸ್ ಆಫ್ ಮಾಡಿ ನೋಡಿದ್ರೆ ಗೆರೆ ತಪ್ಪಿದೆಯೋ ಇಲ್ವೋ ಗೊತ್ತಾಗ್ತದೆ. ಬೆಲ್ಟ್ ಇಲ್ಲದ ಗೇರ್ ಮಷೀನಲ್ಲಿ ಇದೇ ಲಕ್ಷಣ ಇದ್ರೆ ಕೇಬಲ್ ಅಡ್ಜಸ್ಟ್ ಮಾಡಿ ನೋಡಿ, ಅದರಲ್ಲೂ ಸರಿ ಆಗ್ದಿದ್ರೆ ಒಳಗಿನ ಕ್ಲಚ್ ಪ್ಲೇಟ್ ಸವೆದಿದೆ, ಅದು ಮೆಕ್ಯಾನಿಕ್ ಕೆಲ್ಸ.

ಒಂದು ಬದಿ ಬ್ಲೇಡ್ ತಿರುಗಿ ಇನ್ನೊಂದು ಬದಿ ನಿಂತು, ಮಷೀನ್ ಒಂದೇ ಕಡೆ ಎಳೀತಾ ಇದ್ರೆ ಬೇರೆ ಎಲ್ಲೂ ಹುಡುಕೋದು ಬೇಡ, ನಿಂತ ಬದಿಯ ಬ್ಲೇಡ್ ಸೆಟ್ಟನ್ನ ಶಾಫ್ಟಿಗೆ ಹಿಡಿಯೋ ಪಿನ್ ಮುರ್ದಿದೆ. ಇಲ್ಲಿ ಒಂದು ಮಾತು. ಹಿಮ ಬೀಳೋ ದೇಶಗಳಲ್ಲಿ ಮನೆ ಮುಂದಿನ ಹಿಮ ಎತ್ತಿ ಬದಿಗೆ ಎಸೆಯೋಕೆ ಇದೇ ಥರ ಹಿಂದೆ ನಡ್ಕೊಂಡು ದೂಡೋ ಮಷೀನ್ ಇರ್ತದೆ, ನಮ್ಮ ವೀಡರಿನ ಹತ್ತಿರದ ನೆಂಟನೇ ಅದು, ಅದೇ ಥರದ ಎಂಜಿನ್, ಅದೇ ಬೆಲ್ಟು, ಅದೇ ಕೇಬಲ್. ಅದರ ಸುರುಳಿ ಬ್ಲೇಡನ್ನ ಶಾಫ್ಟಿಗೆ ಹಿಡಿಯೋಕೆ ಬೇಕಂತಲೇ ಮೆದು ಪಿನ್ ಹಾಕಿರ್ತಾರೆ, ಕಲ್ಲೋ ಗಟ್ಟಿ ಮಂಜುಗಡ್ಡೆಯೋ ಸಿಕ್ಕಿದ್ರೆ ಪಿನ್ ಮುರ್ದು ಗೇರ್ ಬಾಕ್ಸ್ ಉಳೀಲಿ ಅಂತ. ಅಲ್ಲಿ ಗಟ್ಟಿ ಬೋಲ್ಟ್ ಹಾಕಿದವ್ರು ಗೇರ್ ಬಾಕ್ಸ್ ಕಳ್ಕೊಳ್ತಾರೆ. ನಮ್ಮಲ್ಲೂ ಪಿನ್ ಮುರಿದ್ರೆ ಕಂಪನಿ ಕೊಟ್ಟ ಅಳತೆಯ, ಅದೇ ಥರದ ಪಿನ್ನೇ ಹಾಕಿ, ವೆಲ್ಡಿಂಗ್ ರಾಡ್ ತುಂಡು, ಗಟ್ಟಿ ಬೋಲ್ಟು ಇವೆಲ್ಲ ಬೇಡ. ಪಿನ್ನಿಗೆ ಕೊಡೋ ದುಡ್ಡು ಎಂತದೂ ಅಲ್ಲ, ಗೇರ್ ಬಾಕ್ಸ್ ಬಿಚ್ಚಿದ್ರೆ ಸಾವಿರಗಳ ಲೆಕ್ಕ.

ಸದ್ದು ತಗ್ಗಿ ಎಂಜಿನ್ ಆಫ್ ಆದ್ರೆ

ಈಗ್ಲೂ ಕಾರ್ಬೊರೇಟರಿಗೆ ಕೈ ಹಾಕೋದು ಬೇಡ, ಮೊದಲು ಭಾರ ನೋಡಿ. ಹಿಂದೆ ನೆಲಕ್ಕೆ ಊರೋ ಕಬ್ಬಿಣದ ಪಟ್ಟಿ ಇರ್ತದಲ್ಲ, ಆಳ ಹಿಡಿಯೋಕೆ ಇರೋದು, ಅದನ್ನ ಕೆಳಗೆ ಇಳಿಸಿದಷ್ಟೂ ಮಷೀನ್ ಮುಂದೆ ಓಡದೇ ನಿಂತಲ್ಲೇ ಆಳಕ್ಕೆ ಅಗೀತದೆ. ಬೇಸಾಯ ಕಾಣದೆ ಗಟ್ಟಿ ಆದ ಗದ್ದೆಗೆ ಮೊದಲ ಸುತ್ತಲ್ಲೇ ಪೂರ್ತಿ ಆಳ ಕೇಳಿದ್ರೆ 7 ಎಚ್‌ಪಿಗೆ ಆಗೋದಿಲ್ಲ. ಮೊದಲ ಸಲ ಎರಡು ಮೂರು ಇಂಚು, ಎರಡನೇ ಸಲ ಅಡ್ಡಕ್ಕೆ ಆಳ. ಮಣ್ಣು ಮುಷ್ಟಿಯಲ್ಲಿ ಹಿಡ್ದು ಅದುಮಿ ನೋಡಿ, ಉಂಡೆ ಆಗಿ ಬೆರಳು ತಾಗಿಸಿದ್ರೆ ಒಡೀಬೇಕು. ಅಂಟಂಟಾಗಿ ಹಂಗೇ ಉಳಿದ್ರೆ ಇನ್ನೂ ಒಂದೆರಡು ದಿನ ಬಿಸಿಲು ಬೇಕು, ಆ ಹಸಿ ಮಣ್ಣಲ್ಲಿ ಮಷೀನ್ ಓಡಿಸಿದ್ರೆ ಮಷೀನಿಗೂ ಕಷ್ಟ, ಆಮೇಲೆ ಹೆಂಟೆ ಗಟ್ಟಿಯಾಗಿ ಬೆಳೆಗೂ ಕಷ್ಟ. ಗಜನಿ (ಉಪ್ಪುನೀರು ಹತ್ತೋ ಗದ್ದೆ) ಬದಿಯ ಜವುಗು ಮಣ್ಣಿಗಂತೂ ಈ ಮಷೀನ್ ಅಲ್ಲವೇ ಅಲ್ಲ.

ಅಡಿಕೆ ತೋಟದಲ್ಲಿ ಓಡ್ಸೋರು ಬ್ಲೇಡ್ ಶಾಫ್ಟಿನ ಎರಡು ಕೊನೆ ನೋಡ್ಲೇಬೇಕು. ದರಕು (ಒಣ ಎಲೆ), ಹಾಳೆಯ ನಾರು, ಬಳ್ಳಿ, ಬಾಳೆ ಕಟ್ಟಿದ ಪ್ಲಾಸ್ಟಿಕ್ ಹಗ್ಗ, ಎಲ್ಲ ಸುತ್ಕೊಂಡು ಗೇರ್ ಬಾಕ್ಸ್ ಹತ್ರ ಹೋಗಿ ಬಿಗಿ ಕೂತಿರ್ತದೆ. ಅದು ಬ್ರೇಕ್ ಹಂಗೆ ಹಿಡಿಯೋದಲ್ದೇ, ಪ್ಲಾಸ್ಟಿಕ್ ಹಗ್ಗ ಸೀಲಿನ ತುಟಿ ಕೊಯ್ದು ಗೇರ್ ಆಯಿಲ್ ಸೋರೋಕೆ ಶುರು ಆಗ್ತದೆ. ಚೂರಿಯಲ್ಲಿ ಕೊಯ್ದು ತೆಗೀರಿ, ಎಳೆದು ಕೀಳೋಕೆ ಹೋಗ್ಬೇಡಿ.

ಇನ್ನೊಂದು, ಬ್ಲೇಡ್ ಬಿಚ್ಚಿ ತೊಳೆದು ಹಾಕಿದ ಮೇಲೆ ಶುರು ಆದ ತೊಂದ್ರೆ ಆದ್ರೆ ಎಡ ಬಲ ಅದಲು ಬದಲಾಗಿರೋ ಸಾಧ್ಯತೆ ಹೆಚ್ಚು. ಮಷೀನ್ ಮುಂದೆ ಹೋಗೋವಾಗ ಬ್ಲೇಡಿನ ಹರಿತ ಇರೋ ಅಂಚು ಮೊದಲು ಮಣ್ಣಿಗೆ ಇಳೀಬೇಕು. ಉಲ್ಟಾ ಕೂತಿದ್ರೆ ಬೆನ್ನಲ್ಲಿ ಮಣ್ಣು ಬಡಿಯೋದು, ಮಷೀನ್ ಕುಣೀತದೆ, ಅಗಿಯೋದಿಲ್ಲ, ಎಂಜಿನ್ ಸುಸ್ತು. ಬಿಚ್ಚೋ ಮೊದಲು ಮೊಬೈಲಲ್ಲಿ ಒಂದು ಫೋಟೋ ಹೊಡ್ಕೊಂಡ್ರೆ ಈ ತಾಪತ್ರಯವೇ ಇಲ್ಲ. ಕರಾವಳಿ ಮರಳು ಮಣ್ಣಲ್ಲಿ ಬ್ಲೇಡ್ ಅಂಚು ಬೇಗ ಸವೀತದೆ, ಘಟ್ಟದ ಮೇಲೆ ಚಿರೆಕಲ್ಲಿನ ಚೂರಿಗೆ ತಾಗಿ ಬಗ್ಗುತ್ತದೆ, ಎರಡರದ್ದೂ ಭಾರ ಬೀಳೋದು ಎಂಜಿನ್ ಮೇಲೇ.

ಇದೆಲ್ಲ ಸರಿ ಇದ್ದು, ಹಗುರ ಮಣ್ಣಲ್ಲೂ ಸದ್ದು ತಗ್ತಾ ಇದ್ರೆ ಈಗ ಎಂಜಿನ್. ಒಂದು ಸುಲಭದ ಪರೀಕ್ಷೆ ಇದೆ. ಬ್ಲೇಡ್ ಮಣ್ಣಲ್ಲಿ ಇದ್ದು ಎಂಜಿನ್ ಒದ್ದಾಡೋವಾಗ ಚೋಕನ್ನ ಅರ್ಧ ಎಳೀರಿ. ಎಂಜಿನ್ ಸುಧಾರಿಸಿದ್ರೆ ಅದಕ್ಕೆ ಪೆಟ್ರೋಲ್ ಸಾಲ್ತಾ ಇರ್ಲಿಲ್ಲ, ಚೋಕ್ ಗಾಳಿ ಕಡಿಮೆ ಮಾಡಿದ್ದಕ್ಕೆ ಹೊಂದ್ಕೊಂಡ್ತು, ಅಂದ್ರೆ ತೊಂದ್ರೆ ಪೆಟ್ರೋಲ್ ದಾರಿಯಲ್ಲಿ. ಇನ್ನೂ ಹಾಳಾಗಿ ಕಪ್ಪು ಹೊಗೆ ಬಿಟ್ರೆ ಗಾಳಿ ಸಾಲ್ತಾ ಇಲ್ಲ, ಏರ್ ಫಿಲ್ಟರ್ ನೋಡಿ. ಎರಡೂ ಅಲ್ದೇ ಎಂತದೂ ವ್ಯತ್ಯಾಸ ಕಾಣ್ದಿದ್ರೆ ಪ್ಲಗ್, ಅದಕ್ಕೆ ಕರೆಂಟ್ ಕೊಡೋ ಕಾಯಿಲ್, ವಾಲ್ವ್ ಕಡೆ ಹೋಗ್ಬೇಕು.

ಏರ್ ಫಿಲ್ಟರ್ ಮೊದಲು, ಯಾಕಂದ್ರೆ ಅದಕ್ಕೆ ಪಾನಾ ಕೂಡ ಬೇಡ. ಸ್ಪಂಜಿನದ್ದಾದ್ರೆ ಸೋಪು ನೀರಲ್ಲಿ ತೊಳೆದು, ಹಿಂಡಿ ನೆರಳಲ್ಲಿ ಪೂರ್ತಿ ಒಣಗಿಸಿ, ಎರಡು ಹನಿ ಎಂಜಿನ್ ಆಯಿಲ್ ಹಚ್ಚಿ ಹಿಂಡಿ ಹಾಕಿ. ಕಾಗದದ್ದಾದ್ರೆ ತಟ್ಟಿ ಧೂಳು ಉದುರಿಸಬಹುದು ಅಷ್ಟೇ, ತೊಳೆಯೋ ಹಂಗಿಲ್ಲ. ಫಿಲ್ಟರ್ ಆಯಿಲಲ್ಲಿ ನೆಂದು ಹೋಗಿದ್ರೆ ಯಾರೋ ಮಷೀನನ್ನ ತಪ್ಪು ಬದಿಗೆ ಮಲಗಿಸಿದಾರೆ. ಬ್ಲೇಡ್ ತೆಗೆಯೋಕೆ ಮಲಗಿಸೋವಾಗ ಪೆಟ್ರೋಲ್ ನಲ್ಲಿ ಬಂದ್ ಮಾಡಿ, ಹ್ಯಾಂಡಲ್ ನೆಲಕ್ಕೆ ತಾಗೋ ಹಂಗೆ ಹಿಂದಕ್ಕೆ ಬಗ್ಗಿಸಿ, ಏರ್ ಫಿಲ್ಟರ್ ಇರೋ ಬದಿ ಎಂದಿಗೂ ಕೆಳಗೆ ಬರ್ಬಾರ್ದು.

ಪೆಟ್ರೋಲ್ ದಾರಿಗೆ ಬಂದ್ರೆ ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ. ಮುಚ್ಚಳದಲ್ಲಿ ಗಾಳಿ ಹೋಗೋಕೆ ಸಣ್ಣ ತೂತು ಇರ್ತದೆ, ಅದು ಕಟ್ಟಿದ್ರೆ ಎಂಜಿನ್ ಹತ್ತು ಹದಿನೈದು ನಿಮಿಷ ಚೆಂದ ಓಡಿ ಆಮೇಲೆ ಸೊರಗ್ತದೆ. ಮುಚ್ಚಳ ಸಡಿಲ ಮಾಡಿದಾಗ ಸುಯ್ ಅಂತ ಸದ್ದು ಬಂದು ಎಂಜಿನ್ ಮತ್ತೆ ಸರಿ ಆದ್ರೆ ರೋಗ ಸಿಕ್ತು.

ಅದಲ್ಲ ಅಂದ್ರೆ ಕಾರ್ಬೊರೇಟರಿನ ಬಟ್ಟಲಿನ ಅಡಿಯ ಸ್ಕ್ರೂ ಸಡಿಲ ಮಾಡಿ, ಒಳಗಿದ್ದದ್ದನ್ನ ಒಂದು ಗಾಜಿನ ಬಾಟಲಿಗೆ ಹಿಡೀರಿ, ಎಂಜಿನ್ ತಣ್ಣಗಿರ್ಬೇಕು, ಹತ್ರ ಬೀಡಿ ಬೆಂಕಿ ಇರ್ಬಾರ್ದು. ಐದು ನಿಮಿಷ ಬಿಟ್ಟು ಬೆಳಕಿಗೆ ಹಿಡ್ದು ನೋಡಿದ್ರೆ ತಳದಲ್ಲಿ ಬೇರೆ ಪದರ ಕಾಣ್ತದೋ ನೋಡಿ, ಕಂಡ್ರೆ ಅದು ನೀರು ಸೇರಿದ್ದು. 2023ರ ಫೆಬ್ರುವರಿಯಲ್ಲಿ ಬೆಂಗಳೂರಲ್ಲಿ ಚಾಲನೆ ಕೊಟ್ಟ ಇ20 ಪೆಟ್ರೋಲೇ ಈಗ ಬಂಕುಗಳಲ್ಲಿ ಸಿಗೋದು, ಅದರಲ್ಲಿ 20 ಪರ್ಸೆಂಟ್ ಇಥೆನಾಲ್. ಇಥೆನಾಲ್ ಗಾಳಿಯ ತೇವ ಹೀರ್ಕೊಳ್ತದೆ, ಹೀರಿ ಹೀರಿ ಒಂದು ಮಿತಿ ದಾಟಿದ್ರೆ ನೀರೂ ಇಥೆನಾಲೂ ಒಟ್ಟಾಗಿ ಪೆಟ್ರೋಲ್ ಬಿಟ್ಟು ತಳಕ್ಕೆ ಇಳೀತದೆ. ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ ಹೊಡಿಯೋ ನಮ್ಮ ಕರಾವಳಿಯಲ್ಲಿ, ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಜೂನಿಂದ ಅಕ್ಟೋಬರ್ ತನಕ ಕೊಟ್ಟಿಗೆ ಮೂಲೆಯಲ್ಲಿ ನಿಲ್ಲಿಸಿದ ಮಷೀನಿಗೆ ಇದು ಆಗ್ದೇ ಇರೋದೇ ಆಶ್ಚರ್ಯ. ಇಂತಾ ಪೆಟ್ರೋಲನ್ನ ಸೋಸಿ ವಾಪಸ್ ಹಾಕೋ ಆಸೆ ಬೇಡ, ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಹಳೇದನ್ನ ಬಾವಿ ಹತ್ರ, ತೋಟದ ಕಾಲುವೆಗೆ ಚೆಲ್ಬೇಡಿ.

ನೀರು ಇಲ್ದೇ ಬಟ್ಟಲಲ್ಲಿ ಹಳದಿ ಅಂಟು ಕಂಡ್ರೆ ಆಗ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತಿನ ಹಿತ್ತಾಳೆ ತುಂಡು) ಕಟ್ಟಿದೆ, ಕಾರ್ಬೊರೇಟರ್ ಬಿಚ್ಚೋ ಸರದಿ ಬಂತು. ಬಟ್ಟಲ ನಡುವೆ ಮೇಲಕ್ಕೆ ಹೋಗೋ ಹಿತ್ತಾಳೆ ಜೆಟ್ ದೊಡ್ಡದು, ಭಾರದ ಹೊತ್ತಿಗೆ ಪೆಟ್ರೋಲ್ ಕೊಡೋದು ಅದು. ಬದಿಯಲ್ಲಿರೋ ಸಣ್ಣ ಜೆಟ್ ನಿಧಾನ ಓಡೋ ಹೊತ್ತಿನದ್ದು. ಭಾರಕ್ಕೆ ನಿಲ್ತದೆ ಅಂದ್ರೆ ದೊಡ್ಡದು, ಭಾರ ಇಲ್ದೇನೇ ಸದ್ದು ಏರಿಳಿತ ಏರಿಳಿತ ಆಗ್ತದೆ ಅಂದ್ರೆ ಹೆಚ್ಚಾಗಿ ಸಣ್ಣದು. ಕಾರ್ಬೊರೇಟರ್ ಸ್ಪ್ರೇ ಹೊಡ್ದು, ಕರೆಂಟ್ ವಾಯರಿನ ತಾಮ್ರದ ಒಂದೇ ಎಳೆ ತೂರಿಸಿ ತೆಗೀರಿ. ಸೂಜಿ, ಸೈಕಲ್ ಕಡ್ಡಿ, ಬೈಂಡಿಂಗ್ ವಾಯರ್ ಹಾಕಿದ್ರೆ ಹಿತ್ತಾಳೆ ತೂತು ದೊಡ್ಡದಾಗ್ತದೆ, ಆಮೇಲೆ ಪೆಟ್ರೋಲ್ ಜಾಸ್ತಿ ಕುಡಿಯೋ ಇನ್ನೊಂದು ರೋಗ ಶುರು.

ಗ್ಯಾರೇಜಿಂದ ಕ್ಲೀನ್ ಆಗಿ ಬಂದ ಮೇಲೇ ಭಾರಕ್ಕೆ ನಿಲ್ಲೋಕೆ ಶುರು ಆಗಿದ್ರೆ ಗವರ್ನರ್ ಕಡ್ಡಿ ನೋಡಿ. ಭಾರ ಬಿದ್ದಾಗ ತಾನೇ ಎಕ್ಸಲೇಟರ್ ತೆಗೆಯೋದು ಅದರ ಕೆಲ್ಸ. ಕಡ್ಡಿ ಜೊತೆಗೆ ಕೂದಲೆಳೆಯ ಹಂಗಿನ ಒಂದು ಸ್ಪ್ರಿಂಗ್ ಇರ್ತದೆ, ಬಿಚ್ಚಿ ಹಾಕೋವಾಗ ಅದು ತಪ್ಪಿ ಹೋಗೋದು, ತಪ್ಪು ತೂತಿಗೆ ಬೀಳೋದು ಬಹಳ. ಗವರ್ನರಿನ ಸ್ಕ್ರೂ ಮಾತ್ರ ತಿರುಗಿಸ್ಬೇಡಿ, ಎಂಜಿನ್ ಮಿತಿ ಮೀರಿ ಓಡಿದ್ರೆ ಒಳಗಿನ ರಾಡ್ ಮುರೀತದೆ.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಬಿಸ್ಕಿಟ್ ಬಣ್ಣ ಇದ್ರೆ ಸರಿ, ಒಣ ಕಪ್ಪು ಮಸಿ ಇದ್ರೆ ಫಿಲ್ಟರ್ ಕಟ್ಟಿದೆ ಇಲ್ಲಾ ಚೋಕ್ ಪೂರ್ತಿ ತೆರೀತಾ ಇಲ್ಲ, ಬಿಳಿ ಸುಣ್ಣ ಸುಣ್ಣ ಆಗಿದ್ರೆ ಪೆಟ್ರೋಲ್ ಸಾಲ್ತಾ ಇಲ್ಲ. ಪ್ಲಗ್ಗಿನ ಕಿಡಿ ಹಾರೋ ಗ್ಯಾಪ್ ಹೋಂಡಾ ಜಿಎಕ್ಸ್ 200 ಎಂಜಿನ್ನಲ್ಲಿ 0.7ರಿಂದ 0.8 ಮಿ.ಮೀ., ನಮ್ಮ ಕಡೆ ಬರೋ ಬಹಳಷ್ಟು ಎಂಜಿನ್ ಅದೇ ಮಾದರಿ, ಆದ್ರೂ ನಿಮ್ಮ ಮಷೀನಿನ ಪುಸ್ತಕ ನೋಡಿ.

ತಣ್ಣಗಿದ್ದಾಗ ಓಡಿ, ಬಿಸಿ ಆದ ಮೇಲೆ ಆಫ್ ಆಗಿ, ಅರ್ಧ ಗಂಟೆ ಬಿಟ್ರೆ ಮತ್ತೆ ಸ್ಟಾರ್ಟ್ ಆಗೋದು ಬೇರೆಯೇ ಜಾತಿ. ಆಫ್ ಆದ ಆ ಹೊತ್ತಲ್ಲೇ ಕಿಡಿ ನೋಡ್ಬೇಕು, ತಣ್ಣಗಾದ ಮೇಲೆ ನೋಡಿದ್ರೆ ಎಲ್ಲ ಸರಿಯೇ ಕಾಣ್ತದೆ. ಹೊಸ ಪ್ಲಗ್ ಒಂದನ್ನ ಕ್ಯಾಪಿಗೆ ಸಿಕ್ಸಿ, ಹಳೇ ಪ್ಲಗ್ ಎಂಜಿನ್ನಲ್ಲೇ ಇರ್ಲಿ, ಹೊಸದರ ಲೋಹದ ಭಾಗವನ್ನ ಎಂಜಿನ್ನಿಗೆ ತಾಗಿಸಿ ಇಕ್ಕಳದಲ್ಲಿ ಹಿಡ್ದು, ಪೆಟ್ರೋಲ್ ಚೆಲ್ಲಿಲ್ಲ ಅಂತ ನೋಡ್ಕೊಂಡು ಹಗ್ಗ ಎಳೀರಿ. ಕಿಡಿ ಇಲ್ಲ ಅಂದ್ರೆ ಆಯಿಲ್ ಮಟ್ಟ ನೋಡಿ, ಯಾಕಂದ್ರೆ ಆಯಿಲ್ ಕಡಿಮೆ ಆದ್ರೆ ಕಿಡಿ ಕಟ್ ಮಾಡೋ ಸೆನ್ಸರ್ ಬಹಳ ಎಂಜಿನ್ನಲ್ಲಿ ಇರ್ತದೆ. ಶಿರಸಿ ಕಡೆ ಇಳಿಜಾರು ಬೇಣದಲ್ಲಿ (ಹುಲ್ಲುಗಾವಲಲ್ಲಿ) ಓಡ್ಸೋವಾಗ ಆಯಿಲ್ ಒಂದು ಬದಿಗೆ ಸರಿದ್ರೂ ಸೆನ್ಸರ್ ಆಫ್ ಮಾಡ್ತದೆ, ಸಪಾಟ ಜಾಗಕ್ಕೆ ತಂದ್ರೆ ಏನೂ ಆಗದ ಹಂಗೆ ಸ್ಟಾರ್ಟ್ ಆಗ್ತದೆ. ಆಯಿಲ್ ಸರಿ ಇದ್ದೂ ಕಿಡಿ ಇಲ್ದಿದ್ರೆ ಕಾಯಿಲ್. ಕಿಡಿ ಇದ್ದೂ ಬಿಸಿಯಲ್ಲಿ ಸ್ಟಾರ್ಟ್ ಆಗ್ದಿದ್ರೆ, ಹಗ್ಗ ಎಳೆಯೋವಾಗ ಹಗುರ ಅನ್ಸಿದ್ರೆ, ವಾಲ್ವ್ ಗ್ಯಾಪ್ ಮುಚ್ಚಿದೆ. ಜಿಎಕ್ಸ್ 200ರಲ್ಲಿ ತಣ್ಣಗಿರೋವಾಗ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ., ಫೀಲರ್ ಗೇಜ್ (ಗ್ಯಾಪ್ ಅಳೆಯೋ ತೆಳು ಪಟ್ಟಿ) ಹಿಡಿಯೋಕೆ ಬರೋರು ಮಾಡ್ಕೊಳ್ಳಿ, ಬರ್ದಿದ್ರೆ ಮೆಕ್ಯಾನಿಕ್ ಹತ್ರ ಇಷ್ಟೇ ಹೇಳಿ ಮಾಡ್ಸಿ. ಹಗ್ಗದ ಕವರ್ ತೆಗ್ದು ಒಳಗೂ ನೋಡಿ, ಮಳೆಗಾಲದಲ್ಲಿ ಇಲಿ ಗೂಡು ಕಟ್ಟಿ ತಂಪು ಗಾಳಿ ದಾರಿ ಪೂರ್ತಿ ಮುಚ್ಚಿರ್ತದೆ, ಅದರಿಂದಲೂ ಎಂಜಿನ್ ಕಾದು ಸೊರಗ್ತದೆ.

ಪ್ಲಗ್ ಕ್ಯಾಪ್ ತೆಗ್ದು, ಗೇರ್ ನ್ಯೂಟ್ರಲ್ ಮಾಡಿ, ಕೈಗೆ ಗೋಣಿ ಚೀಲ ಸುತ್ಕೊಂಡು ಬ್ಲೇಡ್ ತಿರುಗಿಸಿ ನೋಡೋದು ಕೊನೇದು. ಬಿಗಿ ಹಿಡಿದ್ರೆ, ಕಟಕಟ ಅಂದ್ರೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್. ಗೇರ್ ಆಯಿಲ್ ತೆಗ್ದಾಗ ಹಾಲು ಹಾಕಿದ ಚಾ ಬಣ್ಣ ಬಂದ್ರೆ ಒಳಗೆ ನೀರು ಹೋಗಿದೆ, ಸೀಲ್ ಬದಲು ಮಾಡ್ಸಿ ಹೊಸ ಆಯಿಲ್ ಹಾಕಿ.

ಮಳೆಗಾಲಕ್ಕೆ ಒಳಗೆ ಇಡೋವಾಗ

ಪೆಟ್ರೋಲ್ ನಲ್ಲಿ ಬಂದ್ ಮಾಡಿ ಎಂಜಿನ್ ತಾನಾಗೇ ನಿಲ್ಲೋ ತನಕ ಓಡಿಸಿ, ಬಟ್ಟಲಿನ ಸ್ಕ್ರೂ ತೆಗ್ದು ಉಳಿದ ಹನಿ ಇಳಿಸಿ, ಟ್ಯಾಂಕನ್ನೂ ಖಾಲಿ ಮಾಡಿ. ಎಂಜಿನ್ ಆಯಿಲ್ ಬದಲು ಮಾಡಿ ಇಡೋದು ಒಳ್ಳೇದು, ಜಿಎಕ್ಸ್ 200ಕ್ಕೆ 0.6 ಲೀಟರ್ ಹಿಡೀತದೆ, ಹೊಸ ಎಂಜಿನ್ನಿಗೆ ಮೊದಲ ಬದಲಾವಣೆ 20 ಗಂಟೆ ಓಡಿದ ಮೇಲೆ, ಕಡೀಗೆ 100 ಗಂಟೆಗೊಮ್ಮೆ ಇಲ್ಲಾ ಆರು ತಿಂಗಳಿಗೊಮ್ಮೆ. ನನ್ನ ಕೇಳಿದ್ರೆ ನಮ್ಮ ಮರಳು ಧೂಳಿಗೆ 50 ಗಂಟೆಗೇ ಮಾಡೋದು ಚೊಲೋ. ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಬಿಟ್ಟು ಹಗ್ಗ ಸಾವಕಾಶ ಎರಡು ಸಲ ಎಳ್ದು ಪ್ಲಗ್ ವಾಪಸ್ ಹಾಕಿ. ಹಗ್ಗ ಎಳೆಯೋವಾಗ ಗಟ್ಟಿ ಸಿಗೋ ಜಾಗದಲ್ಲಿ ನಿಲ್ಲಿಸಿ, ಆಗ ಎರಡೂ ವಾಲ್ವ್ ಮುಚ್ಚಿರ್ತದೆ, ತೇವ ಒಳಗೆ ಹೋಗೋದಿಲ್ಲ. ಬ್ಲೇಡಿಗೆ ಹಳೇ ಆಯಿಲ್ ಹಚ್ಚಿ, ಬೆಲ್ಟಿಗೆ ತಾಗದ ಹಂಗೆ. ಮಷೀನ್ ಅಡಿಗೆ ಎರಡು ಹಲಗೆ ಕೊಟ್ಟು ನೆಲದಿಂದ ಎತ್ತಿಡಿ, ಮೇಲೆ ಪ್ಲಾಸ್ಟಿಕ್ ಬಿಗಿಯಾಗಿ ಸುತ್ಬೇಡಿ, ಒಳಗೆ ಬೆವರಿ ತುಕ್ಕು ಹಿಡೀತದೆ, ಗೋಣಿ ಹೊದೆಸಿದ್ರೆ ಸಾಕು. ಬೆಲ್ಟಿನ ನಂಬರ್, ಪಿನ್ನಿನ ಅಳತೆ, ಪ್ಲಗ್ಗಿನ ನಂಬರ್ ಮೂರನ್ನೂ ಬೆಲ್ಟ್ ಕವರಿನ ಒಳಬದಿಗೆ ಪೇಂಟಲ್ಲಿ ಬರ್ದಿಡಿ, ಬಿತ್ತನೆ ಹೊತ್ತಲ್ಲಿ ಅಂಗಡಿಗೆ ಫೋನ್ ಮಾಡಿ ಕೇಳೋಕೆ ಅದೇ ಬೇಕಾಗೋದು.